ಅಡಿಕೆ ತೋಟದಿಂದ ಕ್ಯಾನ್ಸರ್ ಪ್ರಯೋಗಾಲಯಕ್ಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಮಲೆನಾಡಿನಿಂದ ಬಂದ ಮೂರು ಪತ್ರಗಳು ಕ್ಯಾನ್ಸರ್ ಸಂಶೋಧನೆಯನ್ನು ವೃತ್ತಿಯಾಗಿ ಹಿಡಿಯುವುದನ್ನೇ ಕುರಿತಿದ್ದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ಜೀವರಸಾಯನ ಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಮನೆಯವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ಬೆಳೆಗಾರರು. ಕ್ಯಾನ್ಸರಿನ ಆಣ್ವಿಕ ಜೀವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂಬ ಆಸೆ ಇದೆ. ಈಗಿನ ಪ್ರಾಜೆಕ್ಟಿನಲ್ಲಿ, ಪಶ್ಚಿಮ ಘಟ್ಟದ ಗಿಡವೊಂದರ ಎಲೆಯ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಂದು ಎಂಟಿಟಿ ಪರೀಕ್ಷೆಯಿಂದ ತೋರಿಸಿದ್ದೇನೆ. ಇದನ್ನೇ ಪಿಎಚ್.ಡಿ.ಗೆ ಮುಂದುವರಿಸಬಹುದೇ? ದೊಡ್ಡ ಸಂಸ್ಥೆಗಳ ಸಂದರ್ಶನಕ್ಕೆ ನಮ್ಮಂಥ ಊರಿನವರು ಹೇಗೆ ಸಿದ್ಧರಾಗಬೇಕು?
ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆಗಳಾದರೂ, ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕರೆ ಎರಡನೆಯದು ಮುಕ್ಕಾಲು ಪಾಲು ಅಲ್ಲೇ ಬಗೆಹರಿಯುತ್ತದೆ. ಆದ್ದರಿಂದ ನಿಮ್ಮ ಪ್ರಯೋಗದಿಂದಲೇ ಆರಂಭಿಸುತ್ತೇನೆ.

96 ಗುಳಿಗಳ ಪ್ಲೇಟಿನಲ್ಲಿ ಕೋಶಗಳನ್ನು ಬೆಳೆಸಿ, ಎಲೆಯ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, ಒಂದೆರಡು ದಿನ ಬಿಟ್ಟು ಹಳದಿ ಬಣ್ಣದ ಎಂಟಿಟಿ ದ್ರಾವಣವನ್ನು ಸೇರಿಸಿದಾಗ, ಬದುಕಿರುವ ಕೋಶಗಳ ಕಿಣ್ವಗಳು ಅದನ್ನು ನೇರಳೆ ಹರಳುಗಳನ್ನಾಗಿ ಮಾರ್ಪಡಿಸುತ್ತವೆ. ಆ ಹರಳುಗಳನ್ನು ಕರಗಿಸಿ, ಬಣ್ಣ ಎಷ್ಟು ಗಾಢವಾಗಿದೆ ಎಂಬುದನ್ನು ಯಂತ್ರದಲ್ಲಿ ಅಳೆಯುತ್ತೇವೆ. ಬಣ್ಣ ಇಳಿದ ಗುಳಿಯಲ್ಲಿ ಕೋಶಗಳು ಸತ್ತಿವೆ ಎಂದು ಬರೆದುಬಿಡುವುದು ವಾಡಿಕೆಯಾಗಿದೆ. ವಾಸ್ತವದಲ್ಲಿ ಆ ಬಣ್ಣ ಸೂಚಿಸುವುದು ಕೋಶಗಳ ಚಯಾಪಚಯವನ್ನು ಮಾತ್ರ. ಅವು ಸತ್ತಿರಬಹುದು, ವಿಭಜನೆ ನಿಲ್ಲಿಸಿ ಸುಮ್ಮನಿರಬಹುದು, ಇಲ್ಲವೇ ಚಯಾಪಚಯ ಮಂದವಾಗಿ ಬದುಕಿಯೇ ಇರಬಹುದು. ಗಿಡಮೂಲಿಕೆಗಳ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಎಲೆಯ ಸಾರದಲ್ಲಿರುವ ಪಾಲಿಫೀನಾಲ್‌ಗಳಂಥ ವಸ್ತುಗಳು ಕೋಶಗಳ ನೆರವೇ ಇಲ್ಲದೆ ಎಂಟಿಟಿಯನ್ನು ನೇರಳೆಗೆ ತಿರುಗಿಸಬಲ್ಲವು. ಕೋಶಗಳಿಲ್ಲದ, ಸಾರ ಮತ್ತು ಎಂಟಿಟಿ ಮಾತ್ರ ಇರುವ ಕೆಲವು ಗುಳಿಗಳನ್ನು ನೀವು ಪ್ಲೇಟಿನಲ್ಲಿ ಇಟ್ಟಿದ್ದಿರಾ? ಸಾರವನ್ನು ಕರಗಿಸಲು ಬಳಸಿದ ದ್ರಾವಕವನ್ನಷ್ಟೇ ಹಾಕಿದ ಗುಳಿಗಳಿದ್ದವೇ? ಕ್ಯಾನ್ಸರ್ ಅಲ್ಲದ ಕೋಶಗಳ ಮೇಲೆ ಅದೇ ಪ್ರಮಾಣವನ್ನು ಹಾಕಿ ನೋಡಿದ್ದೀರಾ? ಸಂದರ್ಶನದಲ್ಲಿ ನಿಮ್ಮ ಪ್ರಾಜೆಕ್ಟನ್ನು ಮುಂದಿಟ್ಟುಕೊಂಡು ಅವರು ಕೇಳುವುದು ಬಹುಮಟ್ಟಿಗೆ ಇಂಥ ಪ್ರಶ್ನೆಗಳನ್ನೇ. ಅಂಥ ಗುಳಿಗಳನ್ನು ಇಡದಿದ್ದರೆ ಈಗಲೂ ಸಮಯವಿದೆ, ಇಟ್ಟು ನೋಡಿ; ಫಲಿತಾಂಶ ಬದಲಾದರೂ ಅದನ್ನೇ ಪ್ರಾಜೆಕ್ಟ್ ವರದಿಯಲ್ಲಿ ಬರೆಯಿರಿ.

ಗಿಡಗಳ ಸಂಶೋಧನೆಯನ್ನೇ ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ, ದುರ್ವಾಸನೆ ಮರ ಎಂದು ಕರೆಯುವ ನೋತಪೊಡೈಟಿಸ್ ನಿಮ್ಮೋನಿಯಾನಾ ಎಂಬ ಸಣ್ಣ ಮರದ ಕಥೆ ನಿಮಗೆ ತಿಳಿದಿರಲೇಬೇಕು. ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ವಾಲ್ ಮತ್ತು ವಾನಿ ಎಂಬ ರಸಾಯನ ವಿಜ್ಞಾನಿಗಳು 1966ರಲ್ಲಿ ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ನಮ್ಮ ಈ ಮರದಲ್ಲೂ ಇರುವುದನ್ನು ವರದಿ ಮಾಡಿದರು. ಅದು ಗಡ್ಡೆಗಳನ್ನು ಕುಗ್ಗಿಸುತ್ತದೆಂಬುದು ಆಗಲೇ ಗೊತ್ತಿತ್ತು, ಆದರೂ ಮೂತ್ರಕೋಶಕ್ಕೆ ತೀವ್ರ ಹಾನಿ ಮಾಡುತ್ತಿದ್ದುದರಿಂದ 1970ರ ದಶಕದ ಆರಂಭದಲ್ಲಿ ರೋಗಿಗಳ ಮೇಲಿನ ಪ್ರಯೋಗಗಳು ನಿಂತುಹೋದವು. ಅದಕ್ಕೆ ಮತ್ತೆ ಜೀವ ಬಂದದ್ದು 1985ರಲ್ಲಿ, ಅದು ಕೋಶದೊಳಗೆ ಏನನ್ನು ಹಿಡಿಯುತ್ತದೆ ಎಂಬುದು ತಿಳಿದ ಮೇಲೆ. ಡಿಎನ್‌ಎ ಸುರುಳಿಯ ಬಿಗಿತವನ್ನು ಸಡಿಲಿಸಲು ಟೋಪೊಐಸೊಮರೇಸ್-1 ಎಂಬ ಕಿಣ್ವ ಅದರ ಒಂದು ಎಳೆಯನ್ನು ಕತ್ತರಿಸಿ ಮತ್ತೆ ಬೆಸೆಯುತ್ತದೆ. ಬೆಸೆಯುವ ಮೊದಲೇ ಕ್ಯಾಂಪ್ಟೊಥೆಸಿನ್ ಬಂದು ಕೂತು ಕಿಣ್ವವನ್ನು ಅಲ್ಲೇ ಸಿಕ್ಕಿಹಾಕಿಸುತ್ತದೆ. ಡಿಎನ್‌ಎ ನಕಲಾಗುವ ಕೆಲಸ ಆ ಜಾಗಕ್ಕೆ ಬಂದು ತಲುಪಿದಾಗ ಎರಡೂ ಎಳೆಗಳು ತುಂಡಾಗುತ್ತವೆ. ಗುರಿ ತಿಳಿದ ಮೇಲೆ ಅಣುವಿನ ರಚನೆಯನ್ನು ಬದಲಿಸಿ ಟೋಪೊಟೆಕಾನ್ ಮತ್ತು ಇರಿನೊಟೆಕಾನ್ ಎಂಬ ಔಷಧಗಳನ್ನು ರೂಪಿಸಿದರು. ಅಮೆರಿಕದಲ್ಲಿ ಎರಡಕ್ಕೂ 1996ರಲ್ಲಿ ಅನುಮತಿ ಸಿಕ್ಕಿತು, ಇಂದು ನಮ್ಮ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿವೆ. (ತೊಗಟೆಗೂ ಬೇರಿಗೂ ಬೇಡಿಕೆ ಬಂದು ಆ ಮರಗಳನ್ನು ಕಡಿದದ್ದು ಬೇರೆಯೇ ದುಃಖದ ಕಥೆ.)

ಸಾರ ಕೋಶಗಳನ್ನು ಕೊಲ್ಲುತ್ತದೆಂಬ ಫಲಿತಾಂಶ ಪಿಎಚ್.ಡಿ.ಗೆ ಹೊಸ್ತಿಲು ಮಾತ್ರ. ಸಾರದಲ್ಲಿರುವ ಯಾವ ಅಣು, ಕೋಶದ ಯಾವ ಪ್ರೋಟೀನನ್ನು ಹಿಡಿಯುತ್ತದೆ, ಆ ಪ್ರೋಟೀನನ್ನು ಕೋಶದಿಂದ ತೆಗೆದುಹಾಕಿದರೆ ಸಾರದ ಪರಿಣಾಮವೂ ಇಲ್ಲವಾಗುತ್ತದೆಯೇ ಎಂಬ ಪ್ರಶ್ನೆಗಳನ್ನು ಬೆನ್ನಟ್ಟಲು ಬೇಕಾದ ರಸಾಯನ ವಿಜ್ಞಾನದ ನೆರವು ನೀವು ಸೇರುವ ಪ್ರಯೋಗಾಲಯದಲ್ಲಿ ಇದ್ದರೆ ಧೈರ್ಯವಾಗಿ ಮುಂದುವರಿಸಿ. ಗಿಡದ ಮೇಲೆ ಗಿಡ ಬದಲಿಸಿ ಅದೇ ಎಂಟಿಟಿಯನ್ನು ಐದು ವರ್ಷ ಮಾಡಿಸುವ ಜಾಗವಾದರೆ ಬೇಡ. ಇದನ್ನು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನಮ್ಮ ಕಡೆಯ ಎಷ್ಟೋ ಜಾಣ ಮಕ್ಕಳ ಒಳ್ಳೆಯ ವರ್ಷಗಳು ಹೀಗೆ ಕಳೆದುಹೋಗುವುದನ್ನು ನೋಡಿ ನನಗೆ ನೋವಾಗಿದೆ.

ಇನ್ನು, ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕೆನಿಸುತ್ತದೆ. ಪ್ರಶ್ನೆಯನ್ನು ಹುಡುಕಿಕೊಂಡು ನೀವು ದೂರ ಹೋಗಬೇಕಾಗಿಲ್ಲ. ದೇಶದೇಶಗಳ ಕ್ಯಾನ್ಸರ್ ಅಂಕಿಅಂಶ ಕೊಡುವ ಗ್ಲೋಬೊಕ್ಯಾನ್‌ನ 2022ರ ಅಂದಾಜಿನ ಪ್ರಕಾರ ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವುದು ಬಾಯಿಯ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನೂ, ತಂಬಾಕು ಸೇರಿಸದ ಕವಳವನ್ನೂ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳೆಂದು ವರ್ಗೀಕರಿಸಿದೆ. ಮೊದಲ ಗುಂಪು ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂಬುದಕ್ಕೆ ಸಾಕಷ್ಟು ಪುರಾವೆ ಇದೆ ಎಂದರ್ಥ. ಆ ಗುಂಪಿನ ಎಲ್ಲ ವಸ್ತುಗಳೂ ಒಂದೇ ಪ್ರಮಾಣದಲ್ಲಿ ಅಪಾಯಕಾರಿ ಎಂದು ಅರ್ಥವಲ್ಲ. ಅಡಿಕೆಯ ಮುಖ್ಯ ಆಲ್ಕಲಾಯ್ಡ್ ಆದ ಅರೆಕೊಲಿನ್ ಅನ್ನು ಮಾತ್ರ ಬೇರೆಯಾಗಿ ಪರಿಶೀಲಿಸಿ, ಕ್ಯಾನ್ಸರ್ ತರುವ ಸಾಧ್ಯತೆ ಇರುವ 2ಬಿ ಗುಂಪಿನಲ್ಲಿ ಇಟ್ಟಿದ್ದಾರೆ. ಇಡೀ ಅಡಿಕೆಗೂ ಅದರ ಒಂದು ಅಣುವಿಗೂ ಪುರಾವೆಯಲ್ಲಿ ಇರುವ ಈ ಅಂತರವೇ ಒಬ್ಬ ಯುವ ಸಂಶೋಧಕಿಗೆ ಬೇಕಾದಷ್ಟು ಕೆಲಸ ಕೊಡುತ್ತದೆ.

ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ, ಬಿಳಿಚಿ, ಕ್ರಮೇಣ ಬಾಯಿ ತೆರೆಯಲು ಆಗದಂತಾಗುವ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಸ್ಥಿತಿಯನ್ನು ನಮ್ಮೂರುಗಳಲ್ಲಿ ನೀವು ಕಂಡಿರಬಹುದು. ಅರೆಕೊಲಿನ್ ಅಲ್ಲಿನ ನಾರು ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಕೆರಳಿಸಿ ಕೊಲ್ಯಾಜೆನ್ ನಾರಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ, ಅಡಿಕೆಯಲ್ಲಿ ಹೇರಳವಾಗಿರುವ ತಾಮ್ರದ ಅಂಶ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಬಲ ಕೊಟ್ಟು ಆ ನಾರುಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆಸುತ್ತದೆ, ಒಮ್ಮೆ ಹೆಣೆದ ನಾರು ಸುಲಭಕ್ಕೆ ಕರಗುವುದಿಲ್ಲ ಎಂಬುದು ಇದುವರೆಗಿನ ವಿವರಣೆ. ಹೀಗೆ ಗಟ್ಟಿಯಾದ ಕೆನ್ನೆಯಲ್ಲಿ ಕೆಲವರಿಗಷ್ಟೇ ಕ್ಯಾನ್ಸರ್ ಏಕೆ ಹುಟ್ಟುತ್ತದೆ, ಉಳಿದವರಿಗೆ ಏಕೆ ಇಲ್ಲ? ಬೇಯಿಸಿ ಚೊಗರು ಕೊಟ್ಟ ಕೆಂಪಡಿಕೆಗೂ ಸಿಪ್ಪೆ ಸಹಿತ ಒಣಗಿಸಿದ ಚಾಲಿಗೂ ಕೋಶಗಳ ಪ್ರತಿಕ್ರಿಯೆಯಲ್ಲಿ ವ್ಯತ್ಯಾಸವಿದೆಯೇ? ಈ ಎರಡನೆಯ ಪ್ರಶ್ನೆಯನ್ನು ಕೇಳಲು ಅಡಿಕೆ ಹೇಗೆ ತಯಾರಾಗುತ್ತದೆಂಬುದು ಕೈಯಾರೆ ಗೊತ್ತಿರಬೇಕು, ಅದು ನಿಮಗೆ ಗೊತ್ತು. ಬೆಳೆಗಾರರ ಮನೆಯ ಮಗಳು ಈ ಕೆಲಸಕ್ಕೆ ಕೈಹಾಕುವುದು ಮನೆಗೆ ಬಗೆದ ದ್ರೋಹವೆಂದು ಯಾರಾದರೂ ಅಂದರೆ ಕಿವಿಗೊಡಬೇಡಿ. ಅಡಿಕೆಯನ್ನು ಪಾರುಮಾಡಬೇಕೆಂಬ ಹಟದಿಂದಲೂ ಹೊರಡಬೇಡಿ. ಅಪಾಯ ಇದೆಯೆಂಬುದು ಇತ್ಯರ್ಥವಾದ ಮಾತು. ಅದು ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ತಡೆಯಬಹುದು ಎಂಬುದು ಇನ್ನೂ ಪೂರ್ತಿ ತಿಳಿಯಬೇಕಾಗಿದೆ.

ಈ ಪ್ರಶ್ನೆಗಳ ಹತ್ತಿರ ಹೋಗಲು ಇವತ್ತೇ ಒಂದು ಬಾಗಿಲು ತೆರೆದಿದೆ. ಕೆನ್ನೆ ಮತ್ತು ಒಸಡಿನ ಕ್ಯಾನ್ಸರಿನ ಜೀನ್‌ಗಳಲ್ಲಿ ಆಗುವ ಬದಲಾವಣೆಗಳನ್ನು ಭಾರತದ ರೋಗಿಗಳಲ್ಲೇ ಪತ್ತೆಹಚ್ಚಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಬಯೋಮೆಡಿಕಲ್ ಜೀನೋಮಿಕ್ಸ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ, ನವಿ ಮುಂಬಯಿಯ ಖಾರ್‌ಘರ್‌ನಲ್ಲಿರುವ ಆಕ್ಟ್ರೆಕ್ ಎಂಬ ಕ್ಯಾನ್ಸರ್ ಸಂಶೋಧನಾ ಕೇಂದ್ರ ಸೇರಿ ಅದನ್ನು ಮಾಡಿದ್ದವು. ಟಿಪಿ53, ನಾಚ್1, ಕ್ಯಾಸ್ಪ್8ರಂಥ ಹಿಂದೆಯೇ ತಿಳಿದಿದ್ದ ಜೀನ್‌ಗಳ ಜೊತೆಗೆ ಯುಎಸ್‌ಪಿ9ಎಕ್ಸ್, ಎಆರ್‌ಐಡಿ2 ಮುಂತಾದ ಹೊಸ ಹೆಸರುಗಳೂ ಅದರಲ್ಲಿ ಬಂದವು. ಇನ್ನೊಂದೆಡೆ 2006ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ 33 ಬಗೆಯ ಕ್ಯಾನ್ಸರ್‌ಗಳ ಮಾಹಿತಿಯನ್ನು ಸಂಗ್ರಹಿಸಿದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಅದರಲ್ಲೊಂದು. ಅಲ್ಲಿನ ರೋಗಿಗಳಲ್ಲಿ ಸಿಗರೇಟು, ಮದ್ಯಗಳ ಪಾಲು ದೊಡ್ಡದು. ನಮ್ಮಲ್ಲಿ ಅಗಿಯುವ ಚಟದ್ದು. ಸಿಬಯೋಪೋರ್ಟಲ್ ಎಂಬ ತಾಣದಲ್ಲಿ ಆ ಮಾಹಿತಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಬಾಯಿಯ ಗಡ್ಡೆಗಳನ್ನಷ್ಟೇ ಆರಿಸಿಕೊಂಡು, ಕೋಶದ ಆತ್ಮನಾಶಕ್ಕೆ ಚಾಲನೆ ಕೊಡುವ ಕ್ಯಾಸ್ಪ್8 ಜೀನ್ ಎಷ್ಟು ಗಡ್ಡೆಗಳಲ್ಲಿ ಕೆಟ್ಟಿದೆ ಎಂದು ಎಣಿಸಿ, ನಮ್ಮ ರೋಗಿಗಳ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಊರಿನಲ್ಲಿ ಕೂತು, ಇಂಟರ್ನೆಟ್ ಇರುವ ಒಂದು ಲ್ಯಾಪ್‌ಟಾಪಿನಲ್ಲಿ ಮಾಡಬಹುದಾದ ಕೆಲಸ ಇದು. ಸಂದರ್ಶನದಲ್ಲಿ ಇದನ್ನು ವಿವರಿಸಬಲ್ಲ ಹುಡುಗಿಯ ಇಂಗ್ಲಿಷ್ ತಡವರಿಸಿದರೂ ಎದುರಿಗೆ ಕೂತವರು ಕಿವಿಗೊಟ್ಟು ಕೇಳುತ್ತಾರೆ.

ಪರೀಕ್ಷೆಗಳ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಸಿಎಸ್‌ಐಆರ್-ಯುಜಿಸಿ ನೆಟ್, ಜೈವಿಕ ತಂತ್ರಜ್ಞಾನ ಇಲಾಖೆಯ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್‌ಗಾಗಿ ನಡೆಯುವ ಪರೀಕ್ಷೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜೆಆರ್‌ಎಫ್ ಇವುಗಳಲ್ಲಿ ಯಾವುದಾದರೊಂದನ್ನು ದಾಟಿದರೆ ನಿಮ್ಮ ವೇತನವನ್ನು ನೀವೇ ಹೊತ್ತು ತಂದಂತೆ. ಮಾರ್ಗದರ್ಶಕರನ್ನು ಆರಿಸುವ ಸ್ವಾತಂತ್ರ್ಯ ಹೆಚ್ಚುತ್ತದೆ. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್‌ಗೆ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಮೊದಲ ಬಾರಿಗೆ ಆಗದಿದ್ದರೆ ಒಂದು ವರ್ಷ ಒಳ್ಳೆಯ ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಕೆಲಸ ಮಾಡುವುದು ನಷ್ಟವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮಣಿಪಾಲ, ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ, ಮೇಲೆ ಹೇಳಿದ ಆಕ್ಟ್ರೆಕ್ ಮತ್ತು ಕಲ್ಯಾಣಿಯ ಸಂಸ್ಥೆ, ಇವೆಲ್ಲವನ್ನೂ ನೋಡಿ. ಮಾರ್ಗದರ್ಶಕರಿಗೆ ಮಿಂಚಂಚೆ ಬರೆಯುವಾಗ "ನಿಮ್ಮ ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ" ಎಂಬ ಸಾಲು ಬೇಡ. ಅವರ ಇತ್ತೀಚಿನ ಪ್ರಬಂಧದ ಒಂದು ಚಿತ್ರವನ್ನು ಹೆಸರಿಸಿ, ಅದರ ಬಗ್ಗೆ ನಿಮಗೆ ನಿಜವಾಗಿ ಹುಟ್ಟಿದ ಒಂದು ಪ್ರಶ್ನೆಯನ್ನು ಕೇಳಿ. ಸೇರುವ ಮುನ್ನ ಆ ಪ್ರಯೋಗಾಲಯದ ಹಳೆಯ ವಿದ್ಯಾರ್ಥಿಗಳೊಂದಿಗೆ ಫೋನಿನಲ್ಲಿ ಮಾತಾಡಿ; ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರ ನಡವಳಿಕೆ ನಿಮ್ಮ ಐದು ವರ್ಷಗಳನ್ನು ಹೆಚ್ಚು ನಿರ್ಧರಿಸುತ್ತದೆ.

ಪ್ರಶ್ನೆ: ನಾನು ಸಾಗರದವನು. ಬೇರೆ ರಾಜ್ಯವೊಂದರಲ್ಲಿ ಪಿಎಚ್.ಡಿ. ಎರಡನೆಯ ವರ್ಷ ಮುಗಿಯುತ್ತಿದೆ. ಒಂದು ಪ್ರೋಟೀನನ್ನು ತಗ್ಗಿಸಿದರೆ ಕ್ಯಾನ್ಸರ್ ಕೋಶಗಳ ಚಲನೆ ಕುಂಠಿತವಾಗುತ್ತದೆಂದು ನಮ್ಮ ಪ್ರಯೋಗಾಲಯದ ಹಳೆಯ ಪ್ರಬಂಧ ಹೇಳುತ್ತದೆ. ನಾನು ಎಷ್ಟು ಸಲ ಮಾಡಿದರೂ ಆ ಪರಿಣಾಮ ಕಾಣುತ್ತಿಲ್ಲ. ಮಾರ್ಗದರ್ಶಕರಿಗೆ ಹೇಳಲು ಹೆದರಿಕೆ. ಈ ಮಧ್ಯೆ ಹಣ ಕಟ್ಟಿದರೆ ಎರಡು ವಾರದಲ್ಲಿ ಪ್ರಕಟಿಸುವುದಾಗಿ ಪತ್ರಿಕೆಯೊಂದು ಬರೆದಿದೆ.
ಸಂಶೋಧನಾ ವಿದ್ಯಾರ್ಥಿ, ಸಾಗರ

ಉತ್ತರ: ಹಣದ ಮಾತಿಗೆ ಮೊದಲು ಉತ್ತರ: ಕಟ್ಟಬೇಡಿ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಮಹಾಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಹಾಕಿದೆಯೇ ಎಂಬುದನ್ನು ಮಾತ್ರ ಕಚೇರಿಯಲ್ಲಿ ವಿಚಾರಿಸಿ. ಸರಿಯಾದ ಪರಿಶೀಲನೆ ಇಲ್ಲದ ಪತ್ರಿಕೆಯಲ್ಲಿ ಹೆಸರು ಬಂದರೆ ಮುಂದೆ ಪ್ರತಿ ಅರ್ಜಿಯಲ್ಲೂ ಅದಕ್ಕೆ ಸಮಜಾಯಿಷಿ ಕೊಡಬೇಕಾಗುತ್ತದೆ.

ಈಗ ಪ್ರಯೋಗಕ್ಕೆ ಬರೋಣ. ಪರಿಣಾಮ ಕಾಣದಿರುವುದಕ್ಕೆ ಕಾರಣ ಮೂರು ಕಡೆ ಇರಬಹುದು, ಮೊದಲನೆಯದು ಕೋಶಗಳೇ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗಡ್ಡೆಯಿಂದ ಬೆಳೆಸಿದ ಹೀಲಾ ಕೋಶಗಳು ಎಷ್ಟು ಹುಲುಸಾಗಿ ಬೆಳೆಯುತ್ತವೆಂದರೆ, ಬೇರೆ ಬೇರೆ ಅಂಗಗಳದ್ದೆಂದು ನಂಬಿ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಿದ್ದ ಹಲವು ಕೋಶ ಸಾಲುಗಳು ವಾಸ್ತವವಾಗಿ ಹೀಲಾ ಕೋಶಗಳೇ ಎಂದು 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ತೋರಿಸಿದಾಗ ಇಡೀ ಕ್ಷೇತ್ರ ಬೆಚ್ಚಿಬಿದ್ದಿತು. ನಿಮ್ಮ ಕೋಶಗಳು ಯಾವುವೆಂದು ಡಿಎನ್‌ಎಯಿಂದ ತಿಳಿಸುವ ಎಸ್‌ಟಿಆರ್ ಗುರುತು ಪರೀಕ್ಷೆ ಮಾಡಿಸಿ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಹೊಸ ಕೋಶಗಳನ್ನೂ ತರಿಸಬಹುದು. ಜೊತೆಗೆ ಮೈಕೊಪ್ಲಾಸ್ಮಾ ಪರೀಕ್ಷೆ. ಕೋಶಭಿತ್ತಿ ಇಲ್ಲದ ಈ ಬ್ಯಾಕ್ಟೀರಿಯಾಗಳಿಗೆ ಪೆನಿಸಿಲಿನ್ ನಾಟುವುದಿಲ್ಲ, ಪ್ರಯೋಗಾಲಯದ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಅವು ಕಾಣುವುದೂ ಇಲ್ಲ, ಆದರೆ ಕೋಶಗಳ ವರ್ತನೆಯನ್ನೇ ಬದಲಿಸಿಬಿಡುತ್ತವೆ. ಅವುಗಳ ಡಿಎನ್‌ಎಯನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯಿಂದ ಒಂದೇ ದಿನದಲ್ಲಿ ತಿಳಿಯುತ್ತದೆ.

ಎರಡನೆಯದು ಪ್ರೋಟೀನ್ ನಿಜವಾಗಿ ತಗ್ಗಿದೆಯೇ ಎಂಬುದು. ಆರ್‌ಎನ್‌ಎ ಇಳಿದಿದೆ ಎಂದ ಮಾತ್ರಕ್ಕೆ ಪ್ರೋಟೀನ್ ಇಳಿದಿದೆ ಎನ್ನಲಾಗದು. ಕೆಲವು ಪ್ರೋಟೀನ್‌ಗಳು ಕೋಶದಲ್ಲಿ ಬಹಳ ದಿನ ಉಳಿಯುತ್ತವೆ. ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್ ಮಾಡಿ ಆ ಪಟ್ಟಿ ಮಸುಕಾಗಿದೆಯೇ ನೋಡಿ, ಎಲ್ಲ ಸಾಲುಗಳಿಗೂ ಒಂದೇ ಪ್ರಮಾಣದ ಪ್ರೋಟೀನ್ ಹಾಕಿದ್ದೀರೆಂಬುದಕ್ಕೆ ಎಲ್ಲ ಕೋಶಗಳಲ್ಲೂ ಇರುವ ಆಕ್ಟಿನ್ ಪ್ರೋಟೀನಿನ ಪಟ್ಟಿಯನ್ನೂ ಅದೇ ಪೊರೆಯ ಮೇಲೆ ತೋರಿಸಿ. ಮೂರನೆಯದು ಹಳೆಯ ಫಲಿತಾಂಶ. ಆಗ ಜೀನನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎ ತುಣುಕಾದ ಸೈಆರ್‌ಎನ್‌ಎ ಒಂದನ್ನೇ ಬಳಸಿದ್ದರೆ ಅದು ಬೇರೆ ಯಾವುದೋ ಜೀನನ್ನೂ ತಗ್ಗಿಸಿ ಆ ಪರಿಣಾಮ ಕೊಟ್ಟಿರಬಹುದು. ಒಂದೇ ಜೀನಿನ ಬೇರೆ ಬೇರೆ ಭಾಗಗಳನ್ನು ಹಿಡಿಯುವ ಎರಡು ಸೈಆರ್‌ಎನ್‌ಎಗಳು ಒಂದೇ ಉತ್ತರ ಕೊಡಬೇಕು. ಅದಕ್ಕಿಂತ ಬಲವಾದ ಪುರಾವೆ, ಸೈಆರ್‌ಎನ್‌ಎಗೆ ಸಿಗದಂತೆ ಬದಲಿಸಿದ ಅದೇ ಜೀನನ್ನು ಮರಳಿ ಕೋಶಕ್ಕೆ ಸೇರಿಸಿದಾಗ ಚಲನೆ ಮೊದಲಿನಂತಾಗುವುದು.

ಇಷ್ಟನ್ನು ಮುಗಿಸಿದ ಮೇಲೆ ಮಾರ್ಗದರ್ಶಕರ ಬಳಿ ಹೋಗಲು ಹೆದರಬೇಕಾದದ್ದು ಏನೂ ಇಲ್ಲ. "ಹಳೆಯ ಪ್ರಬಂಧ ತಪ್ಪು" ಎಂದು ಮಾತು ಆರಂಭಿಸದೆ, "ಸರ್, ಈ ಪರೀಕ್ಷೆಗಳನ್ನು ಮಾಡಿದ್ದೇನೆ, ಫಲಿತಾಂಶ ಹೀಗಿದೆ, ಮುಂದೇನು ಮಾಡಬಹುದು" ಎಂದು ಮೂಲ ಚಿತ್ರಗಳನ್ನೇ ಮುಂದಿಡಿ. ದಿನಾಂಕ ಹಾಕಿದ ನೋಟ್‌ಬುಕ್ ಜೊತೆಗಿರಲಿ. ಎಲ್ಲ ಮಾರ್ಗದರ್ಶಕರೂ ಸಮಾಧಾನದಿಂದ ಕೇಳುತ್ತಾರೆಂದು ನಾನು ಭರವಸೆ ಕೊಡಲಾರೆ. ಕೇಳದಿದ್ದರೆ ನಿಮ್ಮ ಸಂಶೋಧನಾ ಸಲಹಾ ಸಮಿತಿ ಇರುವುದೇ ಇಂಥ ಹೊತ್ತಿಗೆ. ಮುಂದಿನ ಸಭೆಯಲ್ಲಿ ಇದೇ ಚಿತ್ರಗಳನ್ನು ತೋರಿಸಿ. ಆ ಪ್ರೋಟೀನಿಗೆ ಆ ಕೆಲಸ ಇಲ್ಲವೆಂದು ಗಟ್ಟಿಯಾಗಿ ತೋರಿಸುವುದೂ ಮಹಾಪ್ರಬಂಧದ ಒಂದು ಅಧ್ಯಾಯವಾಗುತ್ತದೆ, ಆ ದಾರಿ ಹಿಡಿಯಬಹುದಾಗಿದ್ದ ಇನ್ನೊಬ್ಬ ವಿದ್ಯಾರ್ಥಿಯ ವರ್ಷಗಳನ್ನೂ ಉಳಿಸುತ್ತದೆ.

ಪ್ರಶ್ನೆ: ಮಗ ಕ್ಯಾನ್ಸರ್ ವಿಷಯದಲ್ಲಿ ಪಿಎಚ್.ಡಿ. ಮುಗಿಸಿದ್ದಾನೆ, ಈಗ ಪೋಸ್ಟ್‌ಡಾಕ್ ಎಂದು ಹೊರದೇಶಕ್ಕೆ ಹೊರಟಿದ್ದಾನೆ. ಇದು ಓದೋ, ನೌಕರಿಯೋ? ವಾಪಸು ಬಂದರೆ ಇಲ್ಲಿ ಜಾಗ ಉಂಟೇ?
ತಂದೆ, ಹೊಸನಗರ ತಾಲ್ಲೂಕು

ಉತ್ತರ: ಸಂಬಳ ಬರುವ, ಅವಧಿ ಗೊತ್ತಿರುವ ನೌಕರಿ ಅದು. ಸ್ವಂತ ಪ್ರಯೋಗಾಲಯ ನಡೆಸುವವರು ಬಹುತೇಕ ಎಲ್ಲರೂ ಆ ಹಂತವನ್ನು ದಾಟಿಯೇ ಬಂದಿರುತ್ತಾರೆ. ಮಗ ಓದನ್ನು ಎಳೆಯುತ್ತಿದ್ದಾನೆಂದು ತಾವು ಭಾವಿಸಬೇಕಾಗಿಲ್ಲ. ವಾಪಸು ಬರುವವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಮರುಪ್ರವೇಶ ಫೆಲೋಶಿಪ್, ಐದು ವರ್ಷಗಳ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್, ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳು ಇವೆ. ಆದರೆ ಕಾಯಂ ಹುದ್ದೆಗಳು ಅಭ್ಯರ್ಥಿಗಳ ಸಂಖ್ಯೆಗಿಂತ ಬಹಳ ಕಡಿಮೆ ಎಂಬುದನ್ನು ತಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಇದೇ ವಿದ್ಯೆಗೆ ಬೆಂಗಳೂರು, ಹೈದರಾಬಾದಿನ ಜೀನ್ ಪರೀಕ್ಷಾ ಕಂಪನಿಗಳಲ್ಲೂ, ಔಷಧ ಸಂಶೋಧನೆಯಲ್ಲೂ ಕೆಲಸವಿದೆ, ಅಲ್ಲಿಗೆ ಹೋಗುವುದನ್ನು ಸೋಲೆಂದು ಯಾರೂ ಎಣಿಸಬಾರದು. ಹೊರಡುವ ಮುನ್ನ ಮಗನನ್ನು ಕೂರಿಸಿಕೊಂಡು, ಈ ಫೆಲೋಶಿಪ್‌ಗಳ ವಯೋಮಿತಿ ಏನು, ತನ್ನ ಯಾವ ವಯಸ್ಸಿನಲ್ಲಿ ಯಾವುದಕ್ಕೆ ಅರ್ಜಿ ಹಾಕುತ್ತಾನೆ, ಎರಡನೆಯ ಪೋಸ್ಟ್‌ಡಾಕ್‌ಗೆ ಹೋಗುವುದಾದರೆ ಯಾವ ಕಾರಣಕ್ಕೆ ಎಂಬುದನ್ನು ಬಿಡಿಸಿ ಹೇಳಲು ಕೇಳಿ. ಈ ಪ್ರಶ್ನೆಗಳಿಗೆ ಅವನ ಬಳಿ ಉತ್ತರ ಸಿದ್ಧವಿದ್ದರೆ ತಾವು ನಿಶ್ಚಿಂತೆಯಿಂದ ಕಳುಹಿಸಿಕೊಡಬಹುದು.